ಮುಚ್ಚಬೇಕಾದ ತೋಳು, ತೆರೆದಿರಬೇಕಾದ ತೋಳು: ನರ್ಸಿಂಗ್ ವೃತ್ತಿಯಲ್ಲಿ ಹಚ್ಚೆಯ ಪ್ರಶ್ನೆ

ರೋಗಿಯನ್ನು ಮುಟ್ಟಿ ಆರೈಕೆ ಮಾಡುವ ನರ್ಸ್‌ನ ಕೈ ಮೊಣಕೈಯಿಂದ ಕೆಳಗೆ ಬರಿದಾಗಿರಬೇಕು ಎಂಬುದು ಈಗ ಹಲವು ದೇಶಗಳ ಆಸ್ಪತ್ರೆಗಳಲ್ಲಿ ಬೇರೂರಿರುವ ನಿಯಮ. ಇಂಗ್ಲೆಂಡಿನಲ್ಲಿ ಸರ್ಕಾರ ಇದನ್ನು 2007ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆಯ ಆಸ್ಪತ್ರೆಗಳಿಗೆ ಪ್ರಕಟಿಸಿ, ಮುಂದಿನ ವರ್ಷದ ಆರಂಭದಿಂದ ಜಾರಿಗೆ ತಂದಿತು. ಉದ್ದ ತೋಳಿನ ಅಂಗಿ ಬೇಡ, ಕೈಗಡಿಯಾರ ಬೇಡ, ಮಣಿಕಟ್ಟಿನಲ್ಲಿ ಆಭರಣ ಬೇಡ, ಕೈ ತೊಳೆಯುವಾಗ ನೀರು ಮತ್ತು ಸೋಪು ಮಣಿಕಟ್ಟನ್ನೂ ತಲುಪಬೇಕು ಎಂಬುದು ಅದರ ಸಾರ. ಇನ್ನೊಂದು ನಿಯಮ ಇದಕ್ಕಿಂತ ಹಳೆಯದು. ಮೈಮೇಲಿನ ಹಚ್ಚೆ ರೋಗಿಯ ಕಣ್ಣಿಗೆ ಬೀಳಬಾರದು, ಬೀಳುವಂತಿದ್ದರೆ ಮುಚ್ಚಿಕೊಳ್ಳಬೇಕು ಎಂದು ಅದು ಹೇಳುತ್ತದೆ. ಮುಂಗೈ ಮೇಲೆ ಹಚ್ಚೆ ಇರುವ ಯುವತಿಯೋ ಯುವಕನೋ ನರ್ಸಿಂಗ್ ಓದಲು ಬಂದಾಗ ಈ ಎರಡೂ ನಿಯಮಗಳು ಒಂದೇ ತೋಳಿನ ಮೇಲೆ ಬಂದು ಕೂರುತ್ತವೆ, ಮತ್ತು ಒಂದನ್ನು ಪಾಲಿಸಿದರೆ ಇನ್ನೊಂದು ಮುರಿಯುತ್ತದೆ. ಕಾಣುವ ಹಚ್ಚೆಯ ಬಗ್ಗೆ ನಡೆಯುವ ಚರ್ಚೆಯಲ್ಲಿ ಈ ಇಕ್ಕಟ್ಟನ್ನು ಗಮನಿಸುವವರು ಕಡಿಮೆ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಗಂಟು ಇರುವುದೇ ಇಲ್ಲಿ.

ಇದು ಬೆರಳೆಣಿಕೆಯ ಜನರ ತೊಡಕಾಗಿ ಉಳಿದಿಲ್ಲ. ಪ್ಯೂ ಸಂಶೋಧನಾ ಕೇಂದ್ರ 2023ರಲ್ಲಿ ಅಮೆರಿಕದಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಅಲ್ಲಿನ ವಯಸ್ಕರಲ್ಲಿ ಶೇ. 32ರಷ್ಟು ಮಂದಿಗೆ ಕನಿಷ್ಠ ಒಂದು ಹಚ್ಚೆ ಇದೆ. ಪುರುಷರಲ್ಲಿ ಈ ಪ್ರಮಾಣ ಶೇ. 27 ಇದ್ದರೆ ಮಹಿಳೆಯರಲ್ಲಿ ಶೇ. 38; 30ರಿಂದ 49ರ ವಯೋಮಾನದವರಲ್ಲಿ ಶೇ. 46. ನರ್ಸಿಂಗ್ ಬಹುಮಟ್ಟಿಗೆ ಮಹಿಳೆಯರ ವೃತ್ತಿಯಾಗಿರುವುದರಿಂದ ಈ ಅಂಕಿಗಳು ನೇರವಾಗಿ ವಾರ್ಡಿನೊಳಗೆ ಬಂದು ನಿಲ್ಲುತ್ತವೆ. ಅತ್ತ, ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿಯ ಲೆಕ್ಕದಲ್ಲಿ ಜಗತ್ತಿನಲ್ಲಿ 2023ರ ಹೊತ್ತಿಗೆ ಇದ್ದ ನರ್ಸ್‌ಗಳು 2.98 ಕೋಟಿ, ಕೊರತೆ 58 ಲಕ್ಷ. ಇಷ್ಟು ಕೊರತೆಯ ನಡುವೆ ಅರ್ಹರೊಬ್ಬರನ್ನು ಚರ್ಮದ ಮೇಲಿನ ಚಿತ್ರಕ್ಕಾಗಿ ಹೊರಗಿಡುವುದಾದರೆ ಅದಕ್ಕೆ ಗಟ್ಟಿಯಾದ ಕಾರಣ ಇರಬೇಕಾಗುತ್ತದೆ. ಹಾಗೆ ಹೇಳಲಾಗುವ ಕಾರಣಗಳು ಎರಡು: ಸೋಂಕು ಮತ್ತು ರೋಗಿಯ ನಂಬಿಕೆ. ಇವೆರಡನ್ನೂ ಕಲಸಿ ಒಂದೇ ಮಾತಾಗಿ ಹೇಳುವುದು ವಾಡಿಕೆಯಾಗಿರುವುದರಿಂದ, ಮೊದಲು ಇವನ್ನು ಬಿಡಿಸಿ ನೋಡಬೇಕು.

ಹಚ್ಚೆಯ ಬಣ್ಣ ಚರ್ಮದ ಮೇಲ್ಮೈಯಲ್ಲಿ ಇರುವುದಿಲ್ಲ. ಸೂಜಿ ಹೊರಚರ್ಮವನ್ನು ದಾಟಿ, ಒಂದೆರಡು ಮಿಲಿಮೀಟರ್ ಆಳದಲ್ಲಿ, ಒಳಚರ್ಮದಲ್ಲಿ ಬಣ್ಣವನ್ನು ಬಿಡುತ್ತದೆ. ದೇಹ ಅದನ್ನು ಹೊರಗಿನಿಂದ ನುಗ್ಗಿದ ವಸ್ತುವೆಂದು ಗುರುತಿಸಿ ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳನ್ನು ಕಳಿಸುತ್ತದೆ. ಅವು ಬಣ್ಣದ ಕಣಗಳನ್ನು ನುಂಗುತ್ತವೆ, ಆದರೆ ಕರಗಿಸಲಾರವು. ಫ್ರಾನ್ಸಿನ ಮಾರ್ಸೇಯ ವಿಜ್ಞಾನಿಗಳು 2018ರಲ್ಲಿ ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಬಣ್ಣ ಹೊತ್ತ ಕೋಶಗಳು ಸತ್ತಾಗ ಬಿಡುಗಡೆಯಾದ ಕಣಗಳನ್ನು ಹೊಸದಾಗಿ ಬಂದ ಕೋಶಗಳು ಮತ್ತೆ ನುಂಗುವುದು ಕಂಡುಬಂತು. ಹಚ್ಚೆ ವರ್ಷಾನುಗಟ್ಟಲೆ ಅಳಿಯದೆ ಉಳಿಯುವುದಕ್ಕೆ ಈ ಕೈ ಬದಲಾವಣೆಯೇ ಕಾರಣವೆಂದು ಅವರು ವಿವರಿಸಿದರು. ನಮ್ಮ ಪ್ರಶ್ನೆಗೆ ಇದರಲ್ಲಿ ಮುಖ್ಯವಾದ ಸಂಗತಿಯೆಂದರೆ, ಗಾಯ ಮಾಗಿದ ಮೇಲೆ ಬಣ್ಣದ ಮೇಲೆ ಅಖಂಡವಾದ ಹೊರಚರ್ಮ ಇರುತ್ತದೆ, ಮತ್ತು ನೀರು, ಸೋಪು, ಸ್ಯಾನಿಟೈಸರ್ ತಾಗುವುದು ಆ ಹೊರಚರ್ಮಕ್ಕೆ. ಉಗುರು ಬಣ್ಣ ಬಿರುಕು ಬಿಡುವಂತೆ, ಉಂಗುರದ ಅಡಿಯಲ್ಲಿ ತೇವ ನಿಲ್ಲುವಂತೆ ಇಲ್ಲಿ ಯಾವುದೂ ನಡೆಯುವುದಿಲ್ಲ. ಆದ್ದರಿಂದ ಮಾಗಿದ ಹಚ್ಚೆಯನ್ನು ಸೋಂಕಿನ ಹೆಸರಿನಲ್ಲಿ ನಿಷೇಧಿಸುವುದಕ್ಕೆ ಚರ್ಮದ ರಚನೆಯಲ್ಲಿ ಆಧಾರ ಸಿಗುವುದಿಲ್ಲ.

ನರ್ಸ್‌ನ ಮೈಮೇಲಿನ ಅಲಂಕಾರವೊಂದು ನಿಜವಾಗಿಯೂ ರೋಗಿಗೆ ಅಪಾಯ ತಂದರೆ ಅದು ಹೇಗಿರುತ್ತದೆ ಎಂಬುದಕ್ಕೆ ಉದಾಹರಣೆ ಉಗುರಿನದು. 1990ರ ದಶಕದ ಕೊನೆಯಲ್ಲಿ ಅಮೆರಿಕದ ಒಕ್ಲಹಾಮದಲ್ಲಿ, ನವಜಾತ ಶಿಶುಗಳ ತೀವ್ರ ನಿಗಾ ಘಟಕವೊಂದರಲ್ಲಿ 46 ಶಿಶುಗಳಲ್ಲಿ ಸ್ಯೂಡೊಮೋನಾಸ್ ಬ್ಯಾಕ್ಟೀರಿಯಾ ಕಾಣಿಸಿಕೊಂಡು ಅವುಗಳಲ್ಲಿ 16 ಸಾವನ್ನಪ್ಪಿದವು. ತನಿಖೆ ನಡೆಸಿದವರು ಉದ್ದ ಉಗುರು ಮತ್ತು ಕೃತಕ ಉಗುರು ಇದ್ದ ಇಬ್ಬರು ನರ್ಸ್‌ಗಳ ಕೈಗಳಿಗೂ ಈ ಸೋಂಕಿಗೂ ಸಂಬಂಧವಿರುವುದನ್ನು ಗುರುತಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ 2009ರ ಕೈ ಸ್ವಚ್ಛತೆಯ ಮಾರ್ಗಸೂಚಿ ರೋಗಿಗಳನ್ನು ನೇರವಾಗಿ ಮುಟ್ಟುವವರು ಕೃತಕ ಉಗುರು ಧರಿಸಬಾರದು, ಸಹಜ ಉಗುರಿನ ತುದಿ 0.5 ಸೆಂಟಿಮೀಟರ್ ಮೀರಬಾರದು ಎನ್ನುವುದು ಇಂಥ ಅನುಭವಗಳ ಮೇಲೆ ನಿಂತಿದೆ. ಇದು ಅಂದಚಂದದ ವಿಚಾರವಾಗಿ ಹುಟ್ಟಿದ ನಿಯಮವಲ್ಲ, ಸತ್ತ ಮಕ್ಕಳನ್ನು ಎಣಿಸಿ ಹುಟ್ಟಿದ ನಿಯಮ. ಮಾಗಿದ ಹಚ್ಚೆಯನ್ನು ಇದರ ಪಕ್ಕದಲ್ಲಿ ನಿಲ್ಲಿಸುವುದು ಉಗುರಿನ ನಿಯಮದ ತೂಕವನ್ನೇ ಕಡಿಮೆ ಮಾಡುತ್ತದೆ.

ಹಸಿ ಹಚ್ಚೆಯ ಮಾತು ಬೇರೆ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಕಾಣುತ್ತದೆಯೋ ಇಲ್ಲವೋ ಎಂಬ ವಾದದಲ್ಲಿ ಮುಳುಗಿದವರು ಮಾಗಿದೆಯೋ ಇಲ್ಲವೋ ಎಂದು ಕೇಳುವುದನ್ನು ಮರೆಯುತ್ತಾರೆ. ಹೊಸ ಹಚ್ಚೆ ಎಂದರೆ ಸಾವಿರಾರು ಸೂಜಿ ಚುಚ್ಚುಗಳಿಂದ ಆದ ತೆರೆದ ಗಾಯ. ಮೇಲ್ಪದರ ಕೂಡಿಕೊಳ್ಳಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಬೇಕು. ಒಳಪದರ ಸಹಜ ಸ್ಥಿತಿಗೆ ಬರಲು ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಈ ಅವಧಿಯಲ್ಲಿ ಅಪಾಯ ಎರಡೂ ಕಡೆಗೆ ಹರಿಯುತ್ತದೆ: ರೋಗಿಯ ರಕ್ತ ಅಥವಾ ದೇಹದ್ರವ ನರ್ಸ್‌ನ ಗಾಯಕ್ಕೆ ತಾಗಬಹುದು, ಗಾಯದಲ್ಲಿ ಬೆಳೆದ ಬ್ಯಾಕ್ಟೀರಿಯಾ ನರ್ಸ್‌ನಿಂದ ರೋಗಿಗೆ ದಾಟಬಹುದು. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಅಪಾಯವಿದೆ. ಆಲ್ಕೋಹಾಲ್ ಇರುವ ದ್ರಾವಣವನ್ನು 20ರಿಂದ 30 ಸೆಕೆಂಡು ಕೈಯ ಎಲ್ಲ ಭಾಗಕ್ಕೂ ತಿಕ್ಕಬೇಕು, ಸೋಪಿನಿಂದ ತೊಳೆಯುವುದಾದರೆ 40ರಿಂದ 60 ಸೆಕೆಂಡು ಬೇಕು. ಒಂದು ಪಾಳಿಯಲ್ಲಿ ಇದನ್ನು ಹತ್ತಾರು ಬಾರಿ ಮಾಡಬೇಕು. ಮಣಿಕಟ್ಟಿನಲ್ಲೋ ಅಂಗೈ ಹಿಂಭಾಗದಲ್ಲೋ ಹಸಿ ಗಾಯ ಇದ್ದರೆ ಪ್ರತಿ ಬಾರಿಯೂ ಉರಿಯುತ್ತದೆ, ಉರಿ ತಪ್ಪಿಸಲು ಕೈ ತಾನಾಗಿಯೇ ಆ ಜಾಗವನ್ನು ಬಿಟ್ಟು ತಿಕ್ಕಲು ಕಲಿಯುತ್ತದೆ. ಯಾರೂ ಬೇಕೆಂದು ಮಾಡದ ಈ ತಪ್ಪನ್ನು ಹೊರಗಿನಿಂದ ನೋಡಿ ಹಿಡಿಯುವುದು ಕಷ್ಟ.

ಹಚ್ಚೆ ಹಾಕುವ ಶಾಯಿಯೂ ಯಾವಾಗಲೂ ಶುದ್ಧವಾಗಿರುತ್ತದೆ ಎನ್ನುವಂತಿಲ್ಲ. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ 2011ರ ಕೊನೆಯ ತಿಂಗಳುಗಳಲ್ಲಿ ಒಬ್ಬನೇ ಕಲಾವಿದನಿಂದ ಹಚ್ಚೆ ಹಾಕಿಸಿಕೊಂಡಿದ್ದ 19 ಮಂದಿಗೆ ಮೈಕೊಬ್ಯಾಕ್ಟೀರಿಯಂ ಕೆಲೋನೆ ಎಂಬ ಬ್ಯಾಕ್ಟೀರಿಯಾದಿಂದ ಚರ್ಮದ ಸೋಂಕು ತಗುಲಿತು. ತನಿಖೆಯಲ್ಲಿ ದೋಷ ಕಂಡುಬಂದದ್ದು ಮೊದಲೇ ತೆಳುಗೊಳಿಸಿ ಮಾರುತ್ತಿದ್ದ ಬೂದು ಬಣ್ಣದ ಶಾಯಿಯಲ್ಲಿ. ಅದು ಕಲಾವಿದನ ಕೈ ಸೇರುವ ಮೊದಲೇ ಕಲುಷಿತವಾಗಿತ್ತು. ಐರೋಪ್ಯ ಒಕ್ಕೂಟ 2022ರ ಜನವರಿಯಿಂದ ಹಚ್ಚೆಯ ಶಾಯಿಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳ ಮೇಲೆ ನಿರ್ಬಂಧ ಹೇರಿದೆ. ಸೂಜಿಯ ವಿಷಯದಲ್ಲಿ ನರ್ಸಿಂಗ್ ವಿದ್ಯಾರ್ಥಿಗೆ ಬೇರೆಯವರಿಗಿಂತ ಹೆಚ್ಚಿನ ಎಚ್ಚರ ಬೇಕು. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ, ಒಣಗಿದ ರಕ್ತದಲ್ಲಿ, ಕನಿಷ್ಠ ಏಳು ದಿನ ಜೀವಂತವಾಗಿರಬಲ್ಲದು. ಅದರ ಲಸಿಕೆಯ ಮೂರು ಡೋಸ್‌ಗಳನ್ನು ಸಾಮಾನ್ಯವಾಗಿ ಮೊದಲನೆಯದಾದ ಒಂದು ತಿಂಗಳಿಗೆ ಮತ್ತು ಆರು ತಿಂಗಳಿಗೆ ಎಂಬ ಅಂತರದಲ್ಲಿ ಕೊಡುತ್ತಾರೆ, ಕೊನೆಯ ಡೋಸ್ ಆದ ಒಂದೆರಡು ತಿಂಗಳಲ್ಲಿ ರಕ್ತದಲ್ಲಿ ಪ್ರತಿಕಾಯದ ಮಟ್ಟ ಸಾಕಷ್ಟಿದೆಯೇ ಎಂದು ಪರೀಕ್ಷಿಸುತ್ತಾರೆ. ಹಚ್ಚೆ ಹಾಕಿಸಿಕೊಳ್ಳಲೇಬೇಕೆಂದಿರುವ ವಿದ್ಯಾರ್ಥಿ ಈ ಲಸಿಕೆಯನ್ನು ಮುಗಿಸಿ, ಪ್ರತಿ ಬಾರಿಯೂ ಹೊಸ ಸೂಜಿ ತೆರೆಯುವ, ಬಣ್ಣವನ್ನು ಒಬ್ಬೊಬ್ಬರಿಗೂ ಬೇರೆ ಬಟ್ಟಲಿನಲ್ಲಿ ಹಾಕುವ ಜಾಗವನ್ನು ಆರಿಸಿಕೊಂಡು, ವಾರ್ಡಿನ ತರಬೇತಿ (ಕ್ಲಿನಿಕಲ್ ಪೋಸ್ಟಿಂಗ್) ಇಲ್ಲದ ದೀರ್ಘ ರಜೆಯ ಮೊದಲ ದಿನಗಳಲ್ಲಿ ಹೋಗುವುದು ವಿವೇಕ. ಹಸಿ ಹಚ್ಚೆಯೊಂದಿಗೆ ಡ್ಯೂಟಿಗೆ ಬಂದವರನ್ನು ವಾರ್ಡಿನ ಮುಖ್ಯಸ್ಥರು ವಾಪಸು ಕಳಿಸಿದರೆ ಅದರಲ್ಲಿ ಅನ್ಯಾಯವೇನೂ ಇಲ್ಲ.

ಇನ್ನು ಮುಚ್ಚಿಕೊಳ್ಳುವ ವಿಚಾರ. ಕುತ್ತಿಗೆಯ ಕೆಳಗಿನ, ಭುಜದ, ಕಾಲಿನ ಹಚ್ಚೆಗಳನ್ನು ಸಮವಸ್ತ್ರವೇ ಮುಚ್ಚುತ್ತದೆ, ಅಲ್ಲಿ ತಕರಾರಿಲ್ಲ. ಮುಂಗೈಗೆ ಮಾತ್ರ ಹಲವೆಡೆ ಬಟ್ಟೆಯ ತೋಳುಪಟ್ಟಿ ಧರಿಸಲು ಹೇಳುತ್ತಾರೆ. ಬೆಳಿಗ್ಗೆ ತೊಟ್ಟ ತೋಳುಪಟ್ಟಿ ಒಂದು ಹಾಸಿಗೆಯ ಅಂಚಿಗೆ, ಇನ್ನೊಂದು ರೋಗಿಯ ಗಾಯದ ಬ್ಯಾಂಡೇಜಿಗೆ, ಮತ್ತೊಬ್ಬರ ಹೊದಿಕೆಗೆ ತಾಗುತ್ತಾ ಸಂಜೆಯವರೆಗೂ ಅದೇ ಕೈಯಲ್ಲಿ ಇರುತ್ತದೆ. ಕೈ ತೊಳೆದಾಗ ಅದರ ಅಂಚು ಒದ್ದೆಯಾಗುತ್ತದೆ. ಉದ್ದ ತೋಳಿನ ಅಂಗಿಯನ್ನು ಬೇಡವೆಂದದ್ದು ಯಾವ ಕಾರಣಕ್ಕೋ ಅದೇ ಕಾರಣ ಇಲ್ಲಿ ಇನ್ನೊಂದು ರೂಪದಲ್ಲಿ ಮರಳಿ ಬರುತ್ತದೆ. ಇಂಗ್ಲೆಂಡಿನ ಆರೋಗ್ಯ ಇಲಾಖೆ 2010ರಲ್ಲಿ, ಧಾರ್ಮಿಕ ಕಾರಣಕ್ಕೆ ತೋಳು ತೆರೆಯಲು ಒಪ್ಪದ ಸಿಬ್ಬಂದಿಯ ಬೇಡಿಕೆಯನ್ನು ಪರಿಗಣಿಸಿ, ಒಮ್ಮೆ ಬಳಸಿ ಎಸೆಯುವ ತೋಳುಕವಚಗಳಿಗೆ ಅವಕಾಶ ಕೊಟ್ಟಿತು. ಆದರೆ ಅವನ್ನು ಕೈಗವಸಿನಂತೆಯೇ ಧರಿಸಬೇಕು, ಕೈಗವಸಿನಂತೆಯೇ ತೆಗೆದು ಬಿಸಾಡಬೇಕು ಎಂಬ ಷರತ್ತಿನ ಮೇಲೆ. ಹಚ್ಚೆ ಮುಚ್ಚಲು ಇದೇ ಶಿಸ್ತನ್ನು ಪಾಲಿಸುವುದಾದರೆ ಒಬ್ಬ ನರ್ಸ್ ದಿನಕ್ಕೆ ಎಷ್ಟು ಜೊತೆ ಬದಲಿಸಬೇಕಾದೀತು ಎಂದು ಲೆಕ್ಕ ಹಾಕಿದವರು ತೋಳುಪಟ್ಟಿಯ ಸಲಹೆಯನ್ನು ಮತ್ತೆ ಕೊಡಲಾರರು. ಹಚ್ಚೆ ಮರೆಮಾಚುವ ದಪ್ಪ ಮೇಕಪ್‌ನ ಕಥೆಯೂ ಹೀಗೆಯೇ. ಹತ್ತಾರು ಬಾರಿ ತೊಳೆಯುವ ಕೈಯಲ್ಲಿ ಅದು ನಿಲ್ಲುವುದಿಲ್ಲ, ಉಳಿದಷ್ಟು ಕೈಗವಸಿನೊಳಗೆ ಮೆತ್ತಿಕೊಳ್ಳುತ್ತದೆ.

ಹಾಗಾದರೆ ಮಾಗಿದ, ತೆರೆದಿರುವ ಹಚ್ಚೆಗೆ ವಿರುದ್ಧವಾಗಿ ಉಳಿಯುವುದು ಒಂದೇ ವಾದ: ರೋಗಿಗೆ ನಂಬಿಕೆ ಬರುವುದಿಲ್ಲ ಎಂಬುದು. ಇದನ್ನು ಹಗುರವಾಗಿ ತಳ್ಳಿಹಾಕಲು ನಾನು ಸಿದ್ಧನಿಲ್ಲ. ನೋವಿನಲ್ಲಿರುವವರು, ಬಟ್ಟೆ ಕಳಚಿ ಮಲಗಿರುವವರು, ಮಲಮೂತ್ರಕ್ಕೂ ಇನ್ನೊಬ್ಬರ ಕೈಯನ್ನು ಅವಲಂಬಿಸಿದವರು ಆ ಕೈಯನ್ನು ನೋಡಿ ಮೊದಲು ಏನು ಅಂದುಕೊಳ್ಳುತ್ತಾರೆ ಎಂಬುದು ಆರೈಕೆಯ ಭಾಗವೇ ಹೌದು. ಆದರೆ ರೋಗಿಗಳು ಏನೆಂದುಕೊಳ್ಳುತ್ತಾರೆ ಎಂದು ಊಹಿಸುವುದಕ್ಕಿಂತ ಅವರನ್ನೇ ಕೇಳಿದ ಅಧ್ಯಯನಗಳನ್ನು ನೋಡುವುದು ಮೇಲು. ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾದ ಅಧ್ಯಯನವೊಂದು, ಆಸ್ಪತ್ರೆಯಲ್ಲಿ ದಾಖಲಾಗಿದ್ದ 150 ವಯಸ್ಕರಿಗೆ ಸಮವಸ್ತ್ರ ಧರಿಸಿದ ಆರೈಕೆದಾರರ ಫೋಟೊಗಳನ್ನು, ಹಚ್ಚೆ ಇರುವಂತೆಯೂ ಇಲ್ಲದಂತೆಯೂ, ತೋರಿಸಿ ಅಭಿಪ್ರಾಯ ಕೇಳಿತು. ಹಚ್ಚೆ ಇದ್ದವರಿಗೆ ಅದರಿಂದ ಯಾವ ಮೆಚ್ಚುಗೆಯೂ ಹೆಚ್ಚಾಗಿ ಸಿಗಲಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಒಂದೇ ಬಗೆಯ ಹಚ್ಚೆ ಇದ್ದರೂ ಪುರುಷನಿಗಿಂತ ಮಹಿಳೆಯನ್ನು ವೃತ್ತಿಪರತೆಯಲ್ಲಿ ಕಡಿಮೆಯೆಂದು ರೋಗಿಗಳು ಎಣಿಸಿದರು. ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ನಡೆದು 2018ರಲ್ಲಿ ಬೆಳಕಿಗೆ ಬಂದ ಇನ್ನೊಂದು ಅಧ್ಯಯನದ ವಿಧಾನ ಬೇರೆ. ಅಲ್ಲಿನ ಏಳು ವೈದ್ಯರು ಕೆಲವು ದಿನ ತಾತ್ಕಾಲಿಕ ಹಚ್ಚೆ, ಕೆಲವು ದಿನ ಮುಖದ ಆಭರಣ, ಕೆಲವು ದಿನ ಎರಡನ್ನೂ ಧರಿಸಿ, ಉಳಿದ ದಿನ ಏನೂ ಇಲ್ಲದೆ ಕೆಲಸ ಮಾಡಿದರು. ಚಿಕಿತ್ಸೆ ಪಡೆದ 924 ರೋಗಿಗಳನ್ನು, ಅಧ್ಯಯನದ ಉದ್ದೇಶವನ್ನು ಹೇಳದೆ, ವೈದ್ಯರ ಸಾಮರ್ಥ್ಯ, ವೃತ್ತಿಪರತೆ, ಕಾಳಜಿಗಳ ಬಗ್ಗೆ ಪ್ರಶ್ನಿಸಿದಾಗ ಉತ್ತರಗಳಲ್ಲಿ ವ್ಯತ್ಯಾಸ ಕಾಣಲಿಲ್ಲ.

ಈ ಎರಡು ಅಧ್ಯಯನಗಳು ಒಂದನ್ನೊಂದು ಸುಳ್ಳಾಗಿಸುವುದಿಲ್ಲ. ಫೋಟೊದಲ್ಲಿರುವ ವ್ಯಕ್ತಿಗೆ ದನಿಯಿಲ್ಲ, ಕೈಚಳಕವಿಲ್ಲ. ಅಲ್ಲಿ ತೀರ್ಪು ಕೊಡಲು ಕಣ್ಣಿಗೆ ಸಿಗುವುದು ಹಚ್ಚೆಯೊಂದೇ. ಎದುರಿಗೆ ನಿಂತು ಮಾತಾಡಿಸುವ, ನೋವನ್ನು ಕೇಳಿಸಿಕೊಳ್ಳುವ, ಸೂಜಿಯನ್ನು ನೋಯದಂತೆ ಹಾಕುವ ವ್ಯಕ್ತಿಯಲ್ಲಿ ಹಚ್ಚೆ ಹಲವು ಸಂಗತಿಗಳಲ್ಲಿ ಒಂದಾಗುತ್ತದೆ. ಆದರೂ ಎರಡನೆಯದು ವೈದ್ಯರ ಮೇಲೆ ನಡೆದದ್ದು ಎಂಬುದನ್ನು ಮರೆಯಬಾರದು. ವೈದ್ಯನ ಹುದ್ದೆಯೇ ಅವನಿಗೆ ರಕ್ಷಣೆ ಕೊಡುತ್ತದೆ. ನರ್ಸ್‌ಗೆ, ಅದರಲ್ಲೂ ಮೊದಲ ವರ್ಷದ ವಿದ್ಯಾರ್ಥಿನಿಗೆ, ಅಂಥ ರಕ್ಷಣೆ ಇಲ್ಲ. ಅವಳ ವೃತ್ತಿಪರತೆಯನ್ನು ಉಡುಗೆ, ಕೂದಲು, ಮುಗುಳ್ನಗೆಗಳಿಂದ ಅಳೆಯುವ ಪರಿಪಾಠ ಈ ವೃತ್ತಿಯ ಇತಿಹಾಸದಷ್ಟೇ ಹಳೆಯದು. ಗಂಜಿ ಹಾಕಿ ಬಿಗಿಗೊಳಿಸಿದ ಬಿಳಿ ಟೋಪಿಯನ್ನು ಇಪ್ಪತ್ತನೆಯ ಶತಮಾನದ ಬಹುಭಾಗ ನರ್ಸ್‌ನ ಗೌರವದ ಗುರುತೆಂದು ಭಾವಿಸಲಾಗಿತ್ತು. ನಂತರ ಅನೇಕ ದೇಶಗಳಲ್ಲಿ ಅದನ್ನು ಕೈಬಿಟ್ಟರು, ಗೌರವ ಎಲ್ಲಿಗೂ ಹೋಗಲಿಲ್ಲ. ಮಹಿಳೆಯ ಹಚ್ಚೆಗೆ ಒಂದು ಅಳತೆ, ಪುರುಷನ ಹಚ್ಚೆಗೆ ಇನ್ನೊಂದು ಅಳತೆ ಇರುವ ಪೂರ್ವಗ್ರಹವನ್ನು ರೋಗಿಯ ಇಚ್ಛೆ ಎಂಬ ಹೆಸರಿನಲ್ಲಿ ನಿಯಮವಾಗಿ ಬರೆದಿಟ್ಟರೆ, ಆಸ್ಪತ್ರೆ ಆ ಪೂರ್ವಗ್ರಹಕ್ಕೆ ತನ್ನ ಮುದ್ರೆ ಒತ್ತಿದಂತಾಗುತ್ತದೆ.

ಎಲ್ಲ ಹಚ್ಚೆಯೂ ಒಂದೇ ಎಂದು ಇದರಿಂದ ಸಿದ್ಧವಾಗುವುದಿಲ್ಲ. ಹಚ್ಚೆ ಏನು ಹೇಳುತ್ತದೆ ಎಂಬ ಪ್ರಶ್ನೆ ನ್ಯಾಯವಾದದ್ದು. ನಾಜಿಗಳ ಆಶ್‌ವಿಟ್ಜ್ ಸೆರೆಶಿಬಿರದಲ್ಲಿ ಕೈದಿಗಳ ತೋಳಿನ ಮೇಲೆ ಸಂಖ್ಯೆಗಳನ್ನು ಹಚ್ಚೆ ಹಾಕಲಾಗಿತ್ತು. ಬದುಕುಳಿದವರು ಮುಪ್ಪಿನಲ್ಲಿ ಆಸ್ಪತ್ರೆಗಳಿಗೂ ವೃದ್ಧಾಶ್ರಮಗಳಿಗೂ ಬಂದಿದ್ದಾರೆ. ಅಂಥವರ ಹಾಸಿಗೆಯ ಬಳಿ ದ್ವೇಷದ ಗುರುತು ಹೊತ್ತ ತೋಳೊಂದು ನಿಂತರೆ ಅದು ಅಭಿರುಚಿಯ ಭಿನ್ನಾಭಿಪ್ರಾಯವಲ್ಲ, ನೇರವಾದ ಹಾನಿ. ಹಿಂಸೆಯ, ಅಶ್ಲೀಲದ, ಜನಾಂಗವೊಂದನ್ನು ಹೀಯಾಳಿಸುವ ಚಿತ್ರಗಳಿಗೆ ಆಸ್ಪತ್ರೆಯಲ್ಲಿ ಜಾಗವಿಲ್ಲ ಎಂಬುದರಲ್ಲಿ ವಿವಾದಕ್ಕೆ ಎಡೆಯಿಲ್ಲ. ಬ್ರಿಟನ್ನಿನ ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್‌ನ ವೃತ್ತಿ ಸಂಹಿತೆ, ರಾಜಕೀಯ, ಧಾರ್ಮಿಕ, ನೈತಿಕ ನಂಬಿಕೆಗಳನ್ನು ಅನುಚಿತ ರೀತಿಯಲ್ಲಿ ಇತರರ ಮುಂದೆ ವ್ಯಕ್ತಪಡಿಸಬಾರದು ಎನ್ನುತ್ತದೆ. ಹಚ್ಚೆಯನ್ನು ತೂಗಲು ಇಂಚುಪಟ್ಟಿಗಿಂತ ಈ ವಾಕ್ಯ ಹೆಚ್ಚು ಉಪಯುಕ್ತ. ಅಮೆರಿಕದ ಸೇನೆಯಂಥ ಬಿಗಿ ಸಂಸ್ಥೆಯೂ 2022ರಲ್ಲಿ ನಿಯಮ ಸಡಿಲಿಸಿ, ಪ್ರತಿ ಕೈಯ ಮೇಲೆ ಒಂದು ಇಂಚು ಮೀರದ ಒಂದು ಹಚ್ಚೆಗೆ, ಕತ್ತಿನ ಹಿಂಭಾಗದಲ್ಲಿ ಎರಡು ಇಂಚಿನ ಒಂದಕ್ಕೆ ಅವಕಾಶ ಕೊಟ್ಟಿತಾದರೂ ದ್ವೇಷ ಮತ್ತು ಅಸಭ್ಯತೆಯ ಚಿತ್ರಗಳ ನಿಷೇಧವನ್ನು ಹಾಗೆಯೇ ಉಳಿಸಿಕೊಂಡಿತು. ಅಮೆರಿಕದ ಹೆಸರಾಂತ ಮೇಯೊ ಕ್ಲಿನಿಕ್ 2018ರಲ್ಲಿ ತನ್ನ ನರ್ಸ್‌ಗಳ ಹಚ್ಚೆ ಕಾಣುವುದಕ್ಕಿದ್ದ ನಿರ್ಬಂಧವನ್ನು ಸಡಿಲಿಸಿದಾಗಲೂ ಆಕ್ಷೇಪಾರ್ಹ ಚಿತ್ರಗಳಿಗೆ ವಿನಾಯಿತಿ ಇರಲಿಲ್ಲ.

ಕಾನೂನಿನ ಆಸರೆಯನ್ನು ನೆಚ್ಚಿಕೊಳ್ಳುವವರು ಒಂದನ್ನು ತಿಳಿದಿರಬೇಕು: ಹಚ್ಚೆ ಇರುವುದಷ್ಟೇ ಕಾರಣವಾಗಿ ರಕ್ಷಣೆ ಸಿಗುವುದು ವಿರಳ. ಬ್ರಿಟನ್ನಿನಲ್ಲಿ ಸಮಾನತೆ ಕಾಯ್ದೆಯ ಅಡಿ 2010ರಲ್ಲಿ ರೂಪಿಸಿದ ನಿಯಮಗಳು, ಮುಖ ಅಥವಾ ಮೈಯ ತೀವ್ರ ವಿರೂಪಕ್ಕೆ ಸಿಗುವ ರಕ್ಷಣೆಯಿಂದ ಹಚ್ಚೆಯನ್ನು ಹೆಸರಿಸಿಯೇ ಹೊರಗಿಟ್ಟಿವೆ. ಅಮೆರಿಕದಲ್ಲಿ 1964ರ ನಾಗರಿಕ ಹಕ್ಕುಗಳ ಕಾಯ್ದೆ ಧರ್ಮಕ್ಕೆ ರಕ್ಷಣೆ ಕೊಡುವುದರಿಂದ, ಧಾರ್ಮಿಕ ಹಚ್ಚೆಗೆ ಆ ದಾರಿಯಲ್ಲಿ ಆಸರೆ ದೊರೆತದ್ದುಂಟು. ಮಣಿಕಟ್ಟಿನ ಧಾರ್ಮಿಕ ಹಚ್ಚೆಯನ್ನು ಮುಚ್ಚಲು ಒಪ್ಪದೆ ಕೆಲಸ ಕಳೆದುಕೊಂಡ ನೌಕರನ ಪ್ರಕರಣವೊಂದು 2005ರಲ್ಲಿ ಒಂದೂವರೆ ಲಕ್ಷ ಡಾಲರ್‌ಗಳ ರಾಜಿಯಲ್ಲಿ ಮುಗಿಯಿತು. ನ್ಯೂಜಿಲೆಂಡಿನ ಮೂಲನಿವಾಸಿ ಮಾವೊರಿ ಮಹಿಳೆಯರು ಗದ್ದದ ಮೇಲೆ ಧರಿಸುವ ಮೋಕೊ ಎಂಬ ಹಚ್ಚೆ ವಂಶಪರಂಪರೆಯ ಗುರುತು. ಅದನ್ನು ಫ್ಯಾಷನ್ ಎಂದು ಎಣಿಸಿ ಮುಚ್ಚೆಂದು ಹೇಳುವುದು ಒಬ್ಬರಿಗೆ ತಮ್ಮ ಕುಲದ ಹೆಸರನ್ನು ಬಿಟ್ಟು ಬರಲು ಹೇಳಿದಂತೆ. ಇವೆರಡರಲ್ಲೂ ಇಲ್ಲದ ಸಾಮಾನ್ಯ ಹಚ್ಚೆಯ ಮೇಲೆ ಕೊನೆಯ ಮಾತು ಬಹುತೇಕ ಎಲ್ಲೆಡೆ ಉದ್ಯೋಗದಾತರದೇ.

ಇದರ ಭಾರ ಹೆಚ್ಚು ಬೀಳುವುದು ವಿದ್ಯಾರ್ಥಿಗಳ ಮೇಲೆ. ಕೆಲಸದಲ್ಲಿರುವ ನರ್ಸ್ ಒಂದು ಆಸ್ಪತ್ರೆಯ ನಿಯಮಕ್ಕೆ ಹೊಂದಿಕೊಂಡರೆ ಸಾಕು. ವಿದ್ಯಾರ್ಥಿ ಮಾತ್ರ ಮಕ್ಕಳ ವಾರ್ಡು, ಹೆರಿಗೆ ವಿಭಾಗ, ಮಾನಸಿಕ ಆರೋಗ್ಯ ಕೇಂದ್ರ, ಸಮುದಾಯ ಆರೋಗ್ಯ ಎಂದು ಹಲವು ಸಂಸ್ಥೆಗಳಲ್ಲಿ ತರಬೇತಿ ಪಡೆಯಬೇಕು, ಮತ್ತು ಅವುಗಳಲ್ಲಿ ಯಾವುದಾದರೂ ಒಂದು ಬಾಗಿಲು ಮುಚ್ಚಿದರೂ ಕೋರ್ಸ್ ಮುಗಿಯುವುದಿಲ್ಲ. ಹಾಗಾಗಿ ಕಾಲೇಜುಗಳು ತಮ್ಮ ಜೊತೆಗಿರುವ ಆಸ್ಪತ್ರೆಗಳಲ್ಲಿ ಅತ್ಯಂತ ಬಿಗಿಯಾದದ್ದರ ನಿಯಮವನ್ನೇ ಎಲ್ಲರಿಗೂ ಅನ್ವಯಿಸಲು ಮುಂದಾಗುತ್ತವೆ. ಮುಂದೆ ಬೇರೆ ದೇಶಕ್ಕೆ ಹೋಗುವ ಆಸೆಯಿದ್ದರೆ ಅಲ್ಲಿನ ನಿಯಮವೂ ಲೆಕ್ಕಕ್ಕೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನ ಪ್ರತಿ ಏಳು ನರ್ಸ್‌ಗಳಲ್ಲಿ ಒಬ್ಬರು ತಾವು ಹುಟ್ಟಿದ ದೇಶದ ಹೊರಗೆ ಕೆಲಸ ಮಾಡುತ್ತಿದ್ದಾರೆ. ಪ್ರವೇಶಕ್ಕೆ ಮೊದಲೇ ಕಾಲೇಜಿನಿಂದ ಲಿಖಿತ ನಿಯಮವನ್ನು ಕೇಳಿ ಪಡೆಯುವುದು, ಸಂದರ್ಶನದಲ್ಲಿ ಹಚ್ಚೆಯನ್ನು ಬಚ್ಚಿಡದೆ ತಾವಾಗಿಯೇ ಪ್ರಸ್ತಾಪಿಸುವುದು, ಇನ್ನೂ ಹಾಕಿಸಿಕೊಳ್ಳದವರು ಅಂಗೈ ಹಿಂಭಾಗ, ಬೆರಳು, ಕುತ್ತಿಗೆ, ಮುಖಗಳನ್ನು ಬಿಟ್ಟುಬಿಡುವುದು ಸದ್ಯದ ಸ್ಥಿತಿಯಲ್ಲಿ ನಾನು ಕೊಡಬಲ್ಲ ಸಲಹೆ. ಬೆರಳಿನ ಹಚ್ಚೆಗೆ ಇನ್ನೊಂದು ತೊಂದರೆಯೂ ಇದೆ: ಸದಾ ತೊಳೆಯುವ ಕೈಯಲ್ಲಿ ಅದು ಸರಿಯಾಗಿ ಮಾಗುವುದು ಕಷ್ಟ, ಬೇಗ ಮಸುಕಾಗುತ್ತದೆ.

ಇರುವ ಹಚ್ಚೆಯನ್ನು ಲೇಸರ್‌ನಿಂದ ತೆಗೆಸಿಕೊಂಡು ಬರುವಂತೆ ಹೇಳುವವರಿಗೆ ಆ ಪ್ರಕ್ರಿಯೆಯ ಅರಿವು ಇದ್ದಂತಿಲ್ಲ. ಆರೇಳು ವಾರಗಳ ಅಂತರದಲ್ಲಿ ಹಲವು ಸುತ್ತು ಬೇಕು, ಹತ್ತು ಸುತ್ತು ದಾಟುವುದೂ ಅಪರೂಪವಲ್ಲ; ಕಪ್ಪು ಬಣ್ಣ ಬೇಗ ಕದಲುತ್ತದೆ, ಹಸಿರು ಮತ್ತು ಹಳದಿ ಹಟ ಹಿಡಿಯುತ್ತವೆ, ಪ್ರತಿ ಸುತ್ತಿನ ನಂತರವೂ ಚರ್ಮ ಗುಳ್ಳೆಯೆದ್ದು ಮತ್ತೆ ಗಾಯವಾಗಿ ಮಾಗಬೇಕು. ವಾರ್ಡಿಗೆ ಯಾವ ಅಪಾಯವನ್ನೂ ತರದಿದ್ದ ತೋಳು ಹೀಗೆ ತಿಂಗಳಾನುಗಟ್ಟಲೆ ಮತ್ತೆ ಮತ್ತೆ ಹಸಿ ಗಾಯದ ತೋಳಾಗುತ್ತದೆ.

ಹಚ್ಚೆ ಮತ್ತು ಆಸ್ಪತ್ರೆ ಪರಸ್ಪರ ಅಪರಿಚಿತವೂ ಅಲ್ಲ. ವಿಕಿರಣ ಚಿಕಿತ್ಸೆಯಲ್ಲಿ ಪ್ರತಿ ದಿನವೂ ಕಿರಣ ಅದೇ ಜಾಗಕ್ಕೆ ಬೀಳುವಂತೆ ರೋಗಿಯ ಚರ್ಮದ ಮೇಲೆ ಸಣ್ಣ ಹಚ್ಚೆಯ ಚುಕ್ಕೆಗಳನ್ನು ಇಡುವ ಪದ್ಧತಿ ದಶಕಗಳಿಂದ ಇದೆ. ಸ್ತನ ಕ್ಯಾನ್ಸರ್‌ನ ಶಸ್ತ್ರಚಿಕಿತ್ಸೆಯಲ್ಲಿ ಸ್ತನವನ್ನು ಕಳೆದುಕೊಂಡು ಮರುರಚನೆ ಮಾಡಿಸಿಕೊಂಡ ಮಹಿಳೆಯರಿಗೆ ಮೊಲೆತೊಟ್ಟು ಮತ್ತು ಅದರ ಸುತ್ತಲಿನ ಬಣ್ಣದ ವಲಯವನ್ನು ಹಚ್ಚೆಯಲ್ಲಿ ಮೂಡಿಸಿಕೊಡಲಾಗುತ್ತದೆ. ಅನೇಕ ಆಸ್ಪತ್ರೆಗಳಲ್ಲಿ ಈ ಕೆಲಸವನ್ನು ಮಾಡುವವರು ಅದಕ್ಕಾಗಿ ವಿಶೇಷ ತರಬೇತಿ ಪಡೆದ ನರ್ಸ್‌ಗಳು. ಆಕೆ ರೋಗಿಯ ಚರ್ಮದ ಬಣ್ಣಕ್ಕೆ ಹೊಂದುವಂತೆ ಶಾಯಿ ಬೆರೆಸಿ, ಒಂದೊಂದೇ ಪದರವಾಗಿ ಚುಚ್ಚುತ್ತಾ ಹೋಗುತ್ತಾಳೆ, ಮೊಣಕೈಯಿಂದ ಕೆಳಗೆ ತೋಳನ್ನು ಬರಿದಾಗಿಟ್ಟು, ಕೈಗವಸು ಧರಿಸಿ.